ಟ್ರೇಲರ್ ಹಿಂದಿನ ಕೆಂಪು ದೀಪವೂ ಎಂಜಿನಿಯರಿಂಗೇ

ಕಬ್ಬಿನ ಹಂಗಾಮು ಬಂತೆಂದರೆ ಅಫಜಲಪುರ, ಆಳಂದ ಸೀಮೆಯ ರಸ್ತೆಗಳಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರ್ ಸದ್ದು. ಕಬ್ಬು ಹೇರಿದ ಟ್ರೇಲರ್‌ಗಳು ಹವಳಗಾ, ಭೂಸನೂರಿನ ಕಾರ್ಖಾನೆಗಳತ್ತ ಸಾಗುತ್ತವೆ. ಮುಂದೆ ಹೆಡ್‌ಲೈಟ್ ಇರುತ್ತದೆ, ಎಷ್ಟೋ ಟ್ರೇಲರ್‌ಗಳ ಹಿಂದೆ ಮಾತ್ರ ಕಗ್ಗತ್ತಲು. ಬೈಕಿನಲ್ಲಿ ಬರುವವನಿಗೆ ಅದು ಕಾಣುವುದು ತೀರಾ ಹತ್ತಿರ ಬಂದ ಮೇಲೆ. ಓದು, ಕೆಲಸ ಮುಗಿಸಿ ಊರಿಗೆ ಮರಳುವ ನಮ್ಮಂಥ ಯುವಕರೂ ಅದೇ ರಸ್ತೆಯಲ್ಲಿ ಬರುತ್ತೇವೆ.

'ಹಳೀ ಟ್ರೇಲರ್ ಅದ, ಲೈಟ್ ನಿಲ್ಲಂಗಿಲ್ಲ ಬಿಡ್ರಿ' ಎನ್ನುವ ಮಾತು ನಮ್ಮ ಅತನೂರದಲ್ಲೂ ಕೇಳುತ್ತದೆ. ಬಿ.ಇ. ಓದುತ್ತಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಟ್ರೇಲರ್‌ನ ವಿದ್ಯುತ್ ವ್ಯವಸ್ಥೆ ಬಹಳ ಸರಳ. ಟ್ರ್ಯಾಕ್ಟರ್‌ನ 12 ವೋಲ್ಟ್ ಬ್ಯಾಟರಿಯಿಂದ ಫ್ಯೂಸ್, ಸ್ವಿಚ್, ಸಾಕೆಟ್ ದಾಟಿ ಕರೆಂಟ್ ಬಲ್ಬಿಗೆ ಬರುತ್ತದೆ. ಅದು ಮರಳಿ ಹೋಗಲೂ ದಾರಿ ಬೇಕು. ಬಹಳ ಕಡೆ ಈ ದಾರಿಗೆ ವೈರೇ ಇರುವುದಿಲ್ಲ, ಚಾಸಿ ಮತ್ತು ಕೊಂಡಿಯ ಕಬ್ಬಿಣವೇ ಆಧಾರ. ಅಲ್ಲಿ ತುಕ್ಕು, ಮಣ್ಣು, ಗ್ರೀಸ್ ಸೇರಿದರೆ ದೀಪ ಮಂಕಾಗುತ್ತದೆ, ಇಲ್ಲವೇ ಮಿಣುಕುತ್ತದೆ.

ಲೆಕ್ಕ ನೋಡಿ. 21 ವ್ಯಾಟ್‌ನ ಎರಡು ಬ್ರೇಕ್ ಬಲ್ಬುಗಳಿಗೆ 3.5 ಆಂಪಿಯರ್ ಬೇಕು. ದಾರಿಯಲ್ಲಿ ಒಂದೇ ಒಂದು ಓಮ್ ರೋಧ ಸೇರಿದರೂ ಬಲ್ಬಿಗೆ ಸಿಗುವುದು ಸುಮಾರು 9 ವೋಲ್ಟ್. ಆಗ ಬಲ್ಬ್ ಬದಲಿಸಿ ಪ್ರಯೋಜನವಿಲ್ಲ. ಏಳು ಪಿನ್ನಿನ ಸಾಕೆಟ್‌ನಲ್ಲಿ ಅರ್ಥಿಂಗ್‌ಗೆಂದೇ ಒಂದು ಪಿನ್ ಇರುತ್ತದೆ. ಅಲ್ಲಿಂದ ದೀಪದವರೆಗೆ ಪ್ರತ್ಯೇಕ ವೈರು ಎಳೆದು, ಕೀಲುಗಳನ್ನು ಬರೀ ತಿರುಚಿ ಟೇಪ್ ಸುತ್ತುವ ಬದಲು ಬೆಸುಗೆ ಹಾಕಿ, ವೈರನ್ನು ಪೈಪಿನೊಳಗೆ ಸಾಗಿಸಿದರೆ ಹಳೆಯ ಟ್ರೇಲರ್‌ನಲ್ಲೂ ದೀಪ ನಿಲ್ಲುತ್ತದೆ.

ಕಬ್ಬು ಹೇರುವಾಗ ದೀಪ ಒಡೆಯುತ್ತದೆ, ಹೊರಚಾಚಿದ ಹೊರೆ ಅದನ್ನು ಮುಚ್ಚುತ್ತದೆ ಎಂಬ ರೈತರ ಮಾತಿನಲ್ಲಿ ನಿಜವಿದೆ. ಅದಕ್ಕೇ ದೀಪದ ಜೊತೆ ರಿಫ್ಲೆಕ್ಟರ್ ಕೂಡ ಬೇಕು. ಅದಕ್ಕೆ ಕರೆಂಟ್ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಟ್ರೇಲರ್ ಹಿಂಬದಿಯ ಎರಡೂ ಬದಿಗೆ ಕೆಂಪು ರಿಫ್ಲೆಕ್ಟರ್ ಇರಬೇಕು ಎನ್ನುತ್ತವೆ. ಹೊರೆ ಮುಚ್ಚುವಂತಿದ್ದರೆ ಕಬ್ಬಿನ ತುದಿಗೇ ರಿಫ್ಲೆಕ್ಟರ್ ಹಲಗೆ ಕಟ್ಟಬಹುದು. ಟ್ರೇಲರ್‌ನ ಬೆಲೆಯ ಮುಂದೆ ಇದೆಲ್ಲ ಚಿಲ್ಲರೆ ಖರ್ಚು.

ಇಲ್ಲಿ ನಮ್ಮ ಪಾಲೂ ಇದೆ. ಓಮ್, ಕಿರ್ಚಾಫ್ ನಿಯಮಗಳನ್ನು ಪರೀಕ್ಷೆಗೆ ಬರೆದು ಮರೆಯುತ್ತೇವೆ. ಪ್ರಾಜೆಕ್ಟ್‌ಗಳನ್ನು ದೂರದ ನಗರದಿಂದ ದುಡ್ಡು ಕೊಟ್ಟು ತರುವವರೂ ಇದ್ದಾರೆ. ಅದರ ಬದಲು ಹಂಗಾಮಿಗೆ ಮುಂಚೆ ಕಾಲೇಜು, ಐಟಿಐ ವಿದ್ಯಾರ್ಥಿಗಳು ಮಲ್ಟಿಮೀಟರ್ ಹಿಡಿದು ಊರಿನ ಹತ್ತು ಟ್ರೇಲರ್ ಪರೀಕ್ಷಿಸಲಿ, ಕಾಲೇಜುಗಳು ಅದಕ್ಕೆ ಅಂಕ ಕೊಡಲಿ. ಸಂದರ್ಶನದಲ್ಲಿ 'ನೀನೇನು ಮಾಡಿದ್ದೀಯ?' ಎಂದು ಕೇಳಿದಾಗ ಹೇಳಲು ಸ್ವಂತ ಕೆಲಸವೊಂದು ಇರುತ್ತದೆ. ಸಂದರ್ಶನ ಸಿಗದವರಿಗೂ ಊರಿನಲ್ಲೇ ನಾಲ್ಕು ಕಾಸು ತರುವ ಕಸುಬು ಕೈಗೆ ಬರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕತ್ತಲಲ್ಲಿ ಬೈಕ್ ಓಡಿಸುವ ಯಾರದೋ ಮಗ ಕ್ಷೇಮವಾಗಿ ಮನೆ ಸೇರುತ್ತಾನೆ.