ಹಂಚಿಕೆ ಹಣೆಬರಹವಲ್ಲ



ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದು ಪ್ಲಸ್ ವನ್ ಹಂಚಿಕೆಯ ಪಟ್ಟಿ ಹೊರಬೀಳುವ ದಿನಗಳಲ್ಲಿ ವಯನಾಡಿನ ನಮ್ಮ ಪಾಡಿಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: "ಕಂಪ್ಯೂಟರ್ ಕೊಟ್ಟದ್ದು ಕೊಟ್ಟಿತು, ಇನ್ನೇನು ಮಾಡುವುದು?" ಹೀಗೆಂದು ತಾಯಿ ಕೊಳುಂದು ಕೀಳಲು ಹೋಗುತ್ತಾಳೆ, ತಂದೆ ಮಸ್ಟರಿಗೆ ಹೋಗುತ್ತಾನೆ, ಮಗು ಮನೆಯಲ್ಲಿ ಕೂರುತ್ತದೆ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಆ ಮಗುವೂ ತೋಟದ ಕೆಲಸಕ್ಕೆ ಇಳಿದಿರುತ್ತದೆ.

ತೂಕದ ಕಟ್ಟೆಯಲ್ಲಿ ಎರಡು ಕಿಲೋ ಸೊಪ್ಪು ಕಡಿತ ಮಾಡಿದರೆ ನಾವು ಸುಮ್ಮನಿರುವುದಿಲ್ಲ. ರೈಟರನ್ನು ಕೇಳುತ್ತೇವೆ, ಫೀಲ್ಡ್ ಆಫೀಸರನ್ನು ಕೇಳುತ್ತೇವೆ, ಯೂನಿಯನ್ನಿಗೆ ಬರುತ್ತೇವೆ. ಮಕ್ಕಳ ಎರಡು ವರ್ಷವೇ ಕಡಿತವಾದಾಗ ಮಾತ್ರ ಏಕೆ ಬಾಯಿ ಮುಚ್ಚುತ್ತೇವೆ? ಸೊಪ್ಪಿನ ತೂಕಕ್ಕೆ ಲೆಕ್ಕ ಕೇಳಬಹುದಾದರೆ ಶಾಲೆಯ ಸೀಟಿಗೂ ಲೆಕ್ಕ ಕೇಳಬಹುದು. ಕೇಳಲೇಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಒಂದು ಮಾತನ್ನು ನ್ಯಾಯವಾಗಿ ಹೇಳಿಬಿಡೋಣ. ಕೇರಳದ ಏಕಜಾಲಕ ಪದ್ಧತಿ ನಮ್ಮ ಶತ್ರುವಲ್ಲ. ಅದು ಬರುವ ಮೊದಲು ಶಾಲೆ ಶಾಲೆಗೆ ಅಲೆದು, ಪ್ರತಿಯೊಂದು ಬಾಗಿಲಲ್ಲಿ ಬೇರೆ ಅರ್ಜಿ ಹಾಕಿ, ಯಾರ ಯಾರದೋ ಮುಖ ನೋಡಬೇಕಾಗಿತ್ತು. ಹಾಜರಿ ಕಳೆದುಕೊಂಡು ನಾಲ್ಕು ಊರು ಸುತ್ತಲು ಕೂಲಿಯವನಿಂದ ಆಗುತ್ತಿರಲಿಲ್ಲ. ಈಗ ಒಂದೇ ಅರ್ಜಿ ಸಾಕು. ಅಂಕ ಇಷ್ಟು, ಮೀಸಲಾತಿ ಇಷ್ಟು ಎಂದು ಯಂತ್ರ ಕೂಡಿಸಿ ಕಳೆದು ಹೇಳುತ್ತದೆ. ಯಂತ್ರಕ್ಕೆ ಲಂಚ ಗೊತ್ತಿಲ್ಲ. ಇಷ್ಟನ್ನು ಒಪ್ಪುತ್ತೇವೆ. ಆದರೆ ಯಂತ್ರಕ್ಕೆ ಪಾಡಿಯಿಂದ ಬಸ್ ನಿಲ್ದಾಣ ಎಷ್ಟು ದೂರ ಎಂಬುದೂ ಗೊತ್ತಿಲ್ಲ. ನಾವು ಬರೆದುಕೊಟ್ಟದ್ದಷ್ಟೇ ಅದಕ್ಕೆ ಗೊತ್ತು. ಬರೆದದ್ದು ತಪ್ಪಾಗಿದ್ದರೆ, ಬರೆಯಬೇಕಾದದ್ದಕ್ಕೆ ಕಾಗದದಲ್ಲಿ ಜಾಗವೇ ಇಲ್ಲದಿದ್ದರೆ, ಉತ್ತರವೂ ತಪ್ಪಾಗುತ್ತದೆ.

ಇನ್ನು ಬಲೆ ಎಲ್ಲಿದೆ ನೋಡಿ. ಅರ್ಜಿಯಲ್ಲಿ ಶಾಲೆ ಮತ್ತು ವಿಷಯಗಳನ್ನು ನಮಗೆ ಬೇಕಾದ ಕ್ರಮದಲ್ಲಿ ಬರೆಯಬೇಕು. ಹತ್ತಿರದ ಎರಡು ಶಾಲೆಗಳನ್ನು ಮಾತ್ರ ಬರೆದರೆ, "ಎಲ್ಲಿಯೂ ಸಿಗದೆ ಹೋದೀತು, ಇನ್ನಷ್ಟು ಬರೆಯಿರಿ" ಎನ್ನುತ್ತಾರೆ. ಹೆದರಿ ಹತ್ತು ಬರೆಯುತ್ತೇವೆ, ಒಂಬತ್ತನೆಯದು ಸಿಗುತ್ತದೆ. ದೂರು ಹೇಳಲು ಹೋದರೆ, "ನೀವೇ ಬರೆದ ಶಾಲೆಯಲ್ಲವೇ?" ಎಂಬ ಪ್ರಶ್ನೆ. ಸಿಕ್ಕಿದ ಶಾಲೆಗೆ ಸೇರದೆ ಬಿಟ್ಟರೆ ಮುಂದಿನ ಹಂಚಿಕೆಗಳಿಂದಲೇ ಹೊರಗೆ. ಕಡಿಮೆ ಬರೆದರೂ ಸೋಲು, ಹೆಚ್ಚು ಬರೆದರೂ ಸೋಲು, ಬೇಡವೆಂದರೂ ಸೋಲು. ಇದನ್ನು ಆಯ್ಕೆ ಎಂದು ಕರೆಯುವುದಾದರೆ, ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದೂ ಆಯ್ಕೆಯೇ.

ಅಧಿಕಾರಿಗಳು ಇನ್ನೊಂದು ಮಾತು ಹೇಳುವುದುಂಟು: "ಒಟ್ಟು ಸೀಟುಗಳು ಸಾಕಷ್ಟಿವೆ." ಒಟ್ಟು ಎಂಬ ಮಾತಿನಲ್ಲೇ ಮೋಸವಿದೆ. ತೆಂಕಣ ಜಿಲ್ಲೆಯ ಒಂದು ಶಾಲೆಯಲ್ಲಿ ಖಾಲಿ ಬಿದ್ದ ಬೆಂಚಿನ ಮೇಲೆ ಮೇಪ್ಪಾಡಿಯ ತೋಟದ ಹುಡುಗಿ ಬಂದು ಕೂರಲಾರಳು. ಫೀಸು ತೆತ್ತು ಸೇರಬೇಕಾದ ಅನುದಾನರಹಿತ ಶಾಲೆಯ ಸೀಟನ್ನು ಲೆಕ್ಕಕ್ಕೆ ಸೇರಿಸಿದರೆ ಅದರಿಂದ ನಮಗೇನು ಬಂತು? ಊರಿನಲ್ಲಿರುವ ಒಟ್ಟು ಅಕ್ಕಿಯ ಲೆಕ್ಕ ಹೇಳಿದರೆ ನಮ್ಮ ಒಲೆಯ ಮೇಲಿನ ಗಡಿಗೆ ತುಂಬುವುದಿಲ್ಲ.

ಮಲಬಾರಿನ ಜಿಲ್ಲೆಗಳಲ್ಲಿ ಸೀಟು ಸಾಲದು ಎಂದು ವಿದ್ಯಾರ್ಥಿಗಳೂ ಹೆತ್ತವರೂ ವರ್ಷಗಟ್ಟಲೆ ಕೂಗಿದರು. ಕೊಟ್ಟ ಪರಿಹಾರವೇನು? 50 ಮಕ್ಕಳ ತರಗತಿಗೆ 65 ಮಕ್ಕಳನ್ನು ತುರುಕುವುದು. ಕೊನೆಗೆ 2024ರ ಜುಲೈಯಲ್ಲಿ, ಹೋರಾಟ ಬೀದಿಗೆ ಬಂದ ಮೇಲೆ, ಸರ್ಕಾರ 138 ತಾತ್ಕಾಲಿಕ ಬ್ಯಾಚುಗಳನ್ನು ಮಂಜೂರು ಮಾಡಿತು: ಮಲಪ್ಪುರಕ್ಕೆ 120, ಕಾಸರಗೋಡಿಗೆ 18. ಸೀಟು ಸಾಕಷ್ಟಿದ್ದಿದ್ದರೆ ಈ 138 ಬ್ಯಾಚು ಯಾರಿಗಾಗಿ? ಕೇಳಿದವರಿಗೆ ಸಿಕ್ಕಿತು. ಆ ಪಟ್ಟಿಯಲ್ಲಿ ವಯನಾಡಿನ ಹೆಸರಿರಲಿಲ್ಲ.

ವಯನಾಡಿನದೇ ಒಂದು ಲೆಕ್ಕ ತೆಗೆದುಕೊಳ್ಳಿ. ಪ್ಲಸ್ ವನ್ನಿನಲ್ಲಿ ಪರಿಶಿಷ್ಟ ವರ್ಗಕ್ಕೆ ನೂರಕ್ಕೆ 8 ಸೀಟು ಮೀಸಲು. ಇದು ರಾಜ್ಯಕ್ಕೆಲ್ಲ ಒಂದೇ ಅಳತೆ. 2011ರ ಜನಗಣತಿಯಂತೆ ವಯನಾಡಿನ ಜನರಲ್ಲಿ ನೂರಕ್ಕೆ ಹದಿನೆಂಟಕ್ಕೂ ಹೆಚ್ಚು ಮಂದಿ ಪರಿಶಿಷ್ಟ ವರ್ಗದವರು. ಹದಿನೆಂಟು ಜನರ ಮನೆಗೆ ಎಂಟು ಜನರ ಅನ್ನ ಕಳಿಸಿ, ಪಾಲು ಸಮವಾಗಿದೆ ಎಂದರೆ ಒಪ್ಪುವುದು ಹೇಗೆ? ಇದನ್ನೇ ಕೇಳಿ 2020ರಲ್ಲಿ ಆದಿವಾಸಿ ವಿದ್ಯಾರ್ಥಿಗಳು ಸುಲ್ತಾನ್ ಬತ್ತೇರಿಯಲ್ಲಿ ಸತ್ಯಾಗ್ರಹ ಕೂತರು. ನಮ್ಮ ಪಕ್ಕದ ಪಾಡಿಯ, ಪಕ್ಕದ ಕೊಲ್ಲಿಯ ಮಕ್ಕಳವರು. ಅವರ ನ್ಯಾಯ ಬೇರೆ, ನಮ್ಮ ನ್ಯಾಯ ಬೇರೆ ಎಂದು ದೂರ ನಿಲ್ಲುವುದು ನಮಗೆ ತರವಲ್ಲ.

ದೂರವೆಂಬುದು ಬರಿಯ ಬಸ್ ಚಾರ್ಜಿನ ವಿಷಯವೂ ಅಲ್ಲ. ತಲಪುಳದ ತೋಟದಿಂದ ಸುಲ್ತಾನ್ ಬತ್ತೇರಿಯ ಶಾಲೆಗೆ ಹೋಗಬೇಕಾದ ಹುಡುಗಿ ಬೆಳಕು ಹರಿಯುವ ಮೊದಲೇ ಮನೆ ಬಿಡಬೇಕು, ಕತ್ತಲಾದ ಮೇಲೆ ತೋಟದೊಳಗಿನ ದಾರಿಯಲ್ಲಿ ನಡೆದು ಬರಬೇಕು. 2025ರ ಜನವರಿಯಲ್ಲಿ ಮಾನಂತವಾಡಿಯ ಪಂಚಾರಕೊಲ್ಲಿಯಲ್ಲಿ ಕಾಫಿ ಕೊಯ್ಯಲು ಹೋದ ಹೆಣ್ಣುಮಗಳನ್ನು ಹುಲಿ ಕೊಂದಿತು. ಇಂಥ ನೆಲದಲ್ಲಿ ಹದಿನಾರರ ಹುಡುಗಿಯನ್ನು ಕತ್ತಲಲ್ಲಿ ಕಳಿಸಲು ಹೆದರುವ ತಾಯಿಗೆ "ಓದಿನಲ್ಲಿ ಆಸಕ್ತಿ ಇಲ್ಲದವರು" ಎಂಬ ಬಿರುದು ಕೊಡುವವರು ಒಂದು ವಾರ ಆ ದಾರಿಯಲ್ಲಿ ನಡೆದು ನೋಡಲಿ.

ಹಾಗಾದರೆ ಈ ಮಾತನ್ನೆಲ್ಲ ಯಾರ ಮುಂದೆ ಹೇಳುವುದು? ಇಲ್ಲಿಯೇ ನಮ್ಮ ಮುಖ್ಯ ಆಕ್ಷೇಪ. ಮಗುವಿಗೆ ಬೇಕಾದ ಶಾಲೆ ಸಿಗದಿದ್ದಾಗ ಹೆತ್ತವರನ್ನು ಎದುರಿಗೆ ಕೂರಿಸಿಕೊಂಡು ಕೇಳಿ, ಕಾರಣ ಬರೆದು ತೀರ್ಪು ಕೊಡುವ ಸ್ವತಂತ್ರ ಪೀಠ ನಮಗಿಲ್ಲ. ಸಹಾಯ ಕೇಂದ್ರಗಳಿವೆ, ಅವು ಅರ್ಜಿ ತುಂಬಲು ನೆರವಾಗುತ್ತವೆ, ತೀರ್ಪು ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ 1980ರ ಶಿಕ್ಷಣ ಕಾಯಿದೆಯೇ ಹೆತ್ತವರಿಗೆ ಈ ಮೇಲ್ಮನವಿಯ ಹಕ್ಕನ್ನು ಕೊಟ್ಟಿತು. ಈಗ ಅಲ್ಲಿ 1998ರ ಕಾಯಿದೆಯಂತೆ ಸ್ವತಂತ್ರ ಸಮಿತಿ ಕೂರುತ್ತದೆ. ಇನ್ನೊಂದು ಮಗುವನ್ನು ಸೇರಿಸಿದರೆ ಶಾಲೆಗೆ ಏನು ತೊಂದರೆ ಎಂಬುದನ್ನು ಮೊದಲು ಶಾಲೆಯವರು ತೋರಿಸಿಕೊಡಬೇಕು. ಆಮೇಲೆ ಮಗುವಿನ ಕಡೆಯ ಕಾರಣವನ್ನು ಕೇಳಿ ಎರಡನ್ನೂ ತೂಗುತ್ತಾರೆ. ಸಮಿತಿ ಸೇರಿಸಿರೆಂದರೆ ಶಾಲೆ ಸೇರಿಸಲೇಬೇಕು. ಅಲ್ಲಿ ಮೇಲ್ಮನವಿ ಹಾಕಿದವರೆಲ್ಲ ಗೆಲ್ಲುವುದಿಲ್ಲ. ಆದರೆ ಸೋತವನಿಗೂ ಏಕೆ ಸೋತೆನೆಂದು ಬರೆದುಕೊಡುತ್ತಾರೆ. ನಮ್ಮನ್ನು ಆಳಿ ಈ ಬೆಟ್ಟಗಳಲ್ಲಿ ಚಹಾ ನೆಡಿಸಿದವರ ನಾಡಿನಲ್ಲಿ ಇದು ಸಾಧ್ಯವಾದರೆ, ಸಾಕ್ಷರತೆಗೆ ಹೆಸರಾದ ಕೇರಳದಲ್ಲಿ ಏಕೆ ಸಾಧ್ಯವಿಲ್ಲ?

ಕಾನೂನು ನಮ್ಮ ಮಕ್ಕಳನ್ನು ಎಲ್ಲಿಯವರೆಗೆ ಕೈಹಿಡಿದು ನಡೆಸುತ್ತದೆ ಎಂಬುದನ್ನೂ ನೋಡಿ. 2009ರ ಕಡ್ಡಾಯ ಶಿಕ್ಷಣ ಕಾಯಿದೆ 6ರಿಂದ 14 ವರ್ಷದವರೆಗಿನ ಮಕ್ಕಳಿಗೆ, ಎಂಟನೇ ತರಗತಿಯವರೆಗೆ ಹಕ್ಕು ಕೊಟ್ಟಿತು. 1951ರ ತೋಟ ಕಾರ್ಮಿಕರ ಕಾಯಿದೆ ಇನ್ನೂ ಜಿಪುಣ. ತೋಟದಲ್ಲಿ 6ರಿಂದ 12 ವರ್ಷದ ಮಕ್ಕಳು 25ಕ್ಕಿಂತ ಹೆಚ್ಚಿದ್ದರೆ ಮಾಲೀಕನು ಕಲಿಕೆಯ ಅನುಕೂಲ ಮಾಡಿಕೊಡಬೇಕೆಂದು ಸರ್ಕಾರ ನಿಯಮ ಮಾಡಬಹುದು ಎಂದಷ್ಟೇ ಅದು ಹೇಳಿತು. ಹನ್ನೆರಡು ತುಂಬಿದ ಕೂಲಿಯ ಮಗುವಿಗೆ ಇನ್ನು ಓದು ಏಕೆ ಎಂಬುದೇ ಅಂದಿನ ಲೆಕ್ಕ. ಆ ಕಾಯಿದೆಯೂ ಈಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೊಳಗೆ ಅದು ಕರಗಿಹೋಯಿತು. ಹತ್ತನೇ ತರಗತಿ ಗೆದ್ದು ಬಂದ ಮಗುವಿನ ಮುಂದಿನ ಹೆಜ್ಜೆಗೆ ಕಾನೂನಿನ ಗಟ್ಟಿ ಆಸರೆ ಇಲ್ಲ. ಆದ್ದರಿಂದಲೇ ನಾವು ಒಟ್ಟಾಗಿ ಕೇಳಬೇಕು.

ಪೀಠ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಇಂದೇ ಮಾಡಬಹುದಾದ ಕೆಲಸಗಳಿವೆ.

ಒಂದು, ಪ್ರಾಯೋಗಿಕ ಹಂಚಿಕೆ ಬಂದ ದಿನವೇ ಅಕ್ಷಯ ಕೇಂದ್ರಕ್ಕೆ ಹೋಗಿ ಅರ್ಜಿಯನ್ನು ಓದಿಸಿ ಕೇಳಿರಿ. ತಪ್ಪು ತಿದ್ದಲು ಸುಲಭವಾದ ಸಮಯ ಅದು. ಮುಖ್ಯವಾಗಿ ಪಂಚಾಯತು ಮತ್ತು ತಾಲೂಕಿನ ಹೆಸರನ್ನು ನೋಡಿರಿ. ಅದೇ ಪಂಚಾಯತಿನ, ಅದೇ ತಾಲೂಕಿನ ಮಗುವಿಗೆ ಹೆಚ್ಚಿನ ಅಂಕವುಂಟು. ಒಂದು ತೋಟದಿಂದ ಇನ್ನೊಂದಕ್ಕೆ ಬದಲಾದವರ ವಿಳಾಸ ಹಳೆಯದೇ ಉಳಿದಿದ್ದರೆ ಆ ಅಂಕ ಕೈತಪ್ಪುತ್ತದೆ. ಇಲ್ಲದ ಅಂಕ ಬರೆದಿದ್ದರೆ ಸಿಕ್ಕಿದ ಸೀಟೇ ಹೋಗುತ್ತದೆ.

ಎರಡು, ಮೊದಲ ಆಯ್ಕೆಗಿಂತ ಕೆಳಗಿನ ಶಾಲೆ ಸಿಕ್ಕಿದರೆ ಸಿಟ್ಟಿನಿಂದ ಬಿಟ್ಟುಬಿಡಬೇಡಿ. ಫೀಸು ಕಟ್ಟದೆ ತಾತ್ಕಾಲಿಕ ಪ್ರವೇಶ ಪಡೆದು ಮೇಲಿನ ಆಯ್ಕೆಗೆ ಕಾಯಬಹುದು. ಏನೂ ಸಿಗದವರು ಪೂರಕ ಹಂಚಿಕೆಗೆ ಅರ್ಜಿಯನ್ನು ನವೀಕರಿಸಲೇಬೇಕು, ಅದು ತಾನಾಗಿ ಮುಂದುವರಿಯುವುದಿಲ್ಲ. ಸೇರಿದ ಮೇಲೂ ಶಾಲೆ ಬದಲಾವಣೆಗೆ ಒಂದು ಅವಕಾಶ ಬರುತ್ತದೆ. ಅದರ ದಿನಾಂಕವನ್ನು ಶಾಲೆಯಲ್ಲಿ ಕೇಳುತ್ತಿರಿ.

ಮೂರು, ದೂರನ್ನು ಬಾಯಲ್ಲಿ ಹೇಳಬೇಡಿ, ಬರೆದುಕೊಡಿ. ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಡಿ. ಸಂವಿಧಾನದ 350ನೇ ವಿಧಿಯಂತೆ ಯಾವ ಪ್ರಜೆಯೂ ತನ್ನ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಯಾವ ಅಧಿಕಾರಿಗಾದರೂ ಕೊಡಬಹುದು. ಕನ್ನಡದ ಅರ್ಜಿಯೂ ಅರ್ಜಿಯೇ. ಮಗುವಿನ ಅಂಕ, ಮನೆಯಿಂದ ಶಾಲೆಗೆ ಇರುವ ದೂರ, ಬಸ್ಸಿನ ಸಮಯ, ಮನೆಯಲ್ಲಿ ರೋಗಿಗಳಿದ್ದರೆ ಅದರ ಚೀಟಿ, ಇವನ್ನು ಸೇರಿಸಿರಿ. "ದಯಮಾಡಿ ಕೃಪೆ ತೋರಿರಿ" ಎಂದು ಪುಟ ತುಂಬಿಸಬೇಡಿ, ಕಾರಣ ಬರೆಯಿರಿ. ಪ್ರತಿಯ ಮೇಲೆ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯಿಂದ ಇಳಿಯಬೇಡಿ.

ನಾಲ್ಕು, ನೀವು ಕೇಳಿದ ಶಾಲೆಯಲ್ಲಿ ಕೊನೆಯ ಸೀಟು ಎಷ್ಟು ಅಂಕದವರಿಗೆ ಹೋಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯಿದೆಯಂತೆ ಹತ್ತು ರೂಪಾಯಿ ಕಟ್ಟಿ ಕೇಳಬಹುದು. ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟರಲ್ಲಿ ಹಂಚಿಕೆ ಮುಗಿದಿರಬಹುದು, ನಿಜ. ಆದರೆ ಆ ಕಾಗದ ಮುಂದಿನ ವರ್ಷದ ಹೋರಾಟಕ್ಕೆ ಸಾಕ್ಷಿ. ಅವಸರದ ವಿಷಯಕ್ಕೆ ರಾಜ್ಯ ಮಕ್ಕಳ ಹಕ್ಕುಗಳ ಆಯೋಗವಿದೆ, ತಾಲೂಕು ಕಾನೂನು ಸೇವಾ ಸಮಿತಿಯಿದೆ. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟರಿಗೂ ಅಲ್ಲಿ ವಕೀಲರ ನೆರವು ಉಚಿತ; 1987ರ ಕಾಯಿದೆ ಕೊಟ್ಟ ಹಕ್ಕದು.

ಇನ್ನು ನಮ್ಮವರಿಗೇ ಹೇಳಬೇಕಾದ ಕಠಿಣ ಮಾತೊಂದಿದೆ. ಹಂಚಿಕೆ ಕೈಕೊಟ್ಟಾಗ ಅನೇಕರು ಶಿಫಾರಸು ಚೀಟಿಗಾಗಿ ಓಡುತ್ತಾರೆ: ನಾಯಕರ ಮನೆಗೆ, ಗುರುಗಳ ಮನೆಗೆ, ತೋಟದ ಬಂಗಲೆಗೆ. ಚೀಟಿಯಿಂದ ಒಂದು ಮಗುವಿಗೆ ಸೀಟು ಸಿಕ್ಕಿದರೆ, ಚೀಟಿ ಇಲ್ಲದ ಇನ್ನೊಂದು ಮಗುವಿನ ಸೀಟು ಹೋಯಿತು ಎಂದೇ ಅರ್ಥ. ಚೀಟಿ ತಂದವನು ಮತ್ತೆಂದೂ ಆ ಬಾಗಿಲಿನ ಎದುರು ತಲೆಯೆತ್ತಿ ಮಾತಾಡಲಾರ. ಅರ್ಜಿ ಹಾಕಿದವನು ಯಾರಿಗೂ ಋಣಿಯಲ್ಲ.

ಅನುದಾನಿತ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತು ಸೀಟು ಆಡಳಿತ ಮಂಡಳಿಯ ಪಾಲು. ಅಧ್ಯಾಪಕರ ಸಂಬಳ ಜನರ ತೆರಿಗೆಯಿಂದ ಬರುತ್ತದೆ, ಸೀಟಿನ ಮಾತು ಮಾತ್ರ ಮುಚ್ಚಿದ ಕೋಣೆಯಲ್ಲಿ ನಡೆಯುತ್ತದೆ. ನಮ್ಮ ಸಭೆಗಳು ನಡೆಸುವ ಶಾಲೆಗಳೂ ಇದಕ್ಕೆ ಹೊರತಲ್ಲ ಎಂಬುದನ್ನು ನೋವಿನಿಂದ ಹೇಳುತ್ತೇವೆ. ಬಡವರ ಹೆಸರಿನಲ್ಲಿ ಕಾಣಿಕೆ ಎತ್ತಿ ಕಟ್ಟಿದ ಗೋಡೆಗಳವು. ಆಡಳಿತದ ಪಾಲಿನ ಸೀಟು ಯಾರಿಗೆ, ಯಾವ ಕಾರಣಕ್ಕೆ ಹೋಯಿತು ಎಂಬ ಪಟ್ಟಿಯನ್ನು ಶಾಲೆಯ ಬಾಗಿಲಿಗೆ ಅಂಟಿಸಲು ಏನು ಅಡ್ಡಿ? ಮೊದಲ ಪಟ್ಟಿ ನಮ್ಮ ಸಭೆಯ ಶಾಲೆಯ ಬಾಗಿಲಲ್ಲೇ ಕಾಣಿಸಲಿ. ಆಮೇಲೆ ಇತರರನ್ನು ಕೇಳುವ ಬಾಯಿ ನಮಗೆ ಬರುತ್ತದೆ.

ಯೂನಿಯನ್ನಿನ ಬೇಡಿಕೆ ಪಟ್ಟಿಯಲ್ಲಿ ಬೋನಸ್ಸು, ಕಂಬಳಿ, ಪಾಡಿಯ ಮಾಡಿನ ರಿಪೇರಿ ಇರುತ್ತವೆ. ಇವುಗಳ ಜೊತೆಗೆ ಇನ್ನು ಮುಂದೆ ಮೂರು ಬೇಡಿಕೆ ಸೇರಬೇಕು: ತಾಲೂಕಿಗೊಂದು ಮೇಲ್ಮನವಿ ಪೀಠ ಮತ್ತು ಅದರ ಕಾರಣಸಹಿತ ಲಿಖಿತ ತೀರ್ಪು, ತೋಟಗಳಿಗೆ ಹತ್ತಿರದ ಸರ್ಕಾರಿ ಶಾಲೆಗಳಲ್ಲಿ ಕಾಯಂ ಅಧ್ಯಾಪಕರೊಡನೆ ಹೊಸ ಬ್ಯಾಚು, ಅರ್ಜಿ ತುಂಬುವ ದಿನಗಳಲ್ಲಿ ಹೆತ್ತವರಿಗೆ ಹಾಜರಿ ಕಡಿತವಿಲ್ಲದ ಒಂದು ದಿನದ ರಜೆ.

ಅನ್ಯಾಯಗಾರನಾದ ನ್ಯಾಯಾಧಿಪತಿಯನ್ನು ಬಿಡದೆ ಕಾಡಿದ ವಿಧವೆಯ ಸಾಮ್ಯವನ್ನು ನಾವು ಬಲ್ಲೆವು. ಅವಳ ಕೈಯಲ್ಲಿ ಶಿಫಾರಸು ಚೀಟಿ ಇರಲಿಲ್ಲ, ಹಣವಿರಲಿಲ್ಲ. ಮತ್ತೆ ಮತ್ತೆ ಹೋಗುವ ಕಾಲುಗಳಿದ್ದವು. ಬೆಟ್ಟ ಹತ್ತಿ ಇಳಿದು ಬದುಕುವ ನಮಗೆ ಕಾಲಿನ ಬಲಕ್ಕೇನು ಕೊರತೆ?

ಮುಂದಿನ ಪಟ್ಟಿ ಬಂದಾಗ ನಿಮ್ಮ ಮಗುವಿನ ಹೆಸರಿನ ಮುಂದೆ ದೂರದ ಶಾಲೆ ಕಂಡರೆ, ಅಥವಾ ಹೆಸರೇ ಕಾಣದಿದ್ದರೆ, ಹಣೆ ಮುಟ್ಟಿಕೊಳ್ಳಬೇಡಿ. ಪಟ್ಟಿಯ ಪ್ರತಿಯನ್ನು ತೆಗೆದುಕೊಂಡು ಅಂದು ಸಂಜೆಯೇ ಯೂನಿಯನ್ ಆಫೀಸಿಗೆ ಬನ್ನಿ. ಅಕ್ಕಪಕ್ಕದ ಪಾಡಿಯವರನ್ನೂ ಕರೆತನ್ನಿ. ಒಂದು ಅರ್ಜಿಯನ್ನು ಮೇಜಿನ ಕೆಳಗೆ ಸರಿಸಬಹುದು; ನೂರು ಅರ್ಜಿ ಒಟ್ಟಿಗೆ ಬಂದರೆ ಮೇಜೇ ಸಾಲದು.