ರೊಟ್ಟಿ ಕಟ್ಟುವ ಕೂಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ಹೊರನಾಡಿಗೆ ಬಹುಕಾಲದಿಂದ ಹೋಗುತ್ತಿರುವುದು ಕಲ್ಲು, ಸಿಮೆಂಟು, ತೊಗರಿ. ವಾಡಿಯಿಂದ ಸಿಕಂದರಾಬಾದಿಗೆ ರೈಲು ಮಾರ್ಗವಾದುದು 1874ರಲ್ಲಿ. ಭಾರವಾದುದನ್ನು ಸಾಗಿಸುವ ವಿದ್ಯೆ ನಮ್ಮವರಿಗೆ ಹೊಸದಲ್ಲ. ಈಗ ಹಗುರವಾದುದೊಂದನ್ನು ಕಳುಹಿಸುವ ಪ್ರಸಂಗ ಒದಗಿದೆ. ಅದು ನಮ್ಮ ಖಡಕ್ ಜೋಳದ ರೊಟ್ಟಿ.

ಜಿಲ್ಲೆಯ ಮಹಿಳಾ ಸಂಘಗಳ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಬೆಂಗಳೂರನ್ನು ಮುಟ್ಟಿತು, ಆನ್‌ಲೈನ್ ಮಾರಾಟಕ್ಕೂ ಬಂದಿತು. 2025ರ ಜೂನ್ 29ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಮಂತ್ರಿಗಳು ಇದನ್ನು ಪ್ರಸ್ತಾಪಿಸಿದುದನ್ನು ವಾಚಕರು ಕೇಳಿರಬಹುದು. ಅದನ್ನು ಕಂಡು ಸೇಡಂ ತಾಲೂಕಿನ ನಮ್ಮ ಹಳ್ಳಿಯಲ್ಲಿಯೂ ಅವ್ವ ಮತ್ತು ಆಕೆಯ ಏಳು ಮಂದಿ ಗೆಳತಿಯರು ತಮ್ಮದೇ ಒಂದು ಆನ್‌ಲೈನ್ ಅಂಗಡಿ ತೆರೆಯುವ ಹವಣಿಕೆಯಲ್ಲಿದ್ದಾರೆ. ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಲೆಕ್ಕಪತ್ರ ನನ್ನ ಪಾಲಿಗೆ ಬಂದಿತು. ಮೊಬೈಲಿನಲ್ಲಿ ಚಿತ್ರ ಹಾಕಿ ಕೆಳಗೆ ಬೆಲೆ ಬರೆದರೆ ಅಂಗಡಿಯಾಯಿತೆಂದು ತಿಳಿದಿದ್ದೆ. ಬಿ.ಎ. ಅಂತಿಮ ವರ್ಗದವನಿಗೂ ಇಂಥ ಅವಿವೇಕ ಇರಬಹುದು!

ಪರೀಕ್ಷೆಗೆಂದು ಬೆಂಗಳೂರಿನಲ್ಲಿರುವ ಮಿತ್ರನಿಗೆ ಇಪ್ಪತ್ತು ರೊಟ್ಟಿಗಳ ಪೆಟ್ಟಿಗೆಯೊಂದನ್ನು ಕಳುಹಿಸಿದೆ. ಹದಿಮೂರು ಚೂರಾಗಿದ್ದವು, ಉಳಿದವು ಮೆತ್ತಗಾಗಿದ್ದವು. ತಪ್ಪು ಒಯ್ದವರದಲ್ಲ, ಕಟ್ಟಿದ ನನ್ನದು. ಬಿಸಿ ಪೂರ್ತಿ ಆರುವ ಮೊದಲೇ ಚೀಲದೊಳಗೆ ಮುಚ್ಚಿದ್ದೆ. ಆ ಹಬೆಯೇ ಒಳಗೆ ನೀರಾಯಿತು. ಪೆಟ್ಟಿಗೆಯೂ ದೊಡ್ಡದಾಗಿ, ರೊಟ್ಟಿಗಳು ಒಳಗೆ ಕುಣಿದಾಡಿಕೊಂಡು ಹೋಗಿದ್ದವು.

ತಂದೆಯವರು ಶಹಾಬಾದದ ಕಡೆ ಗಣಿಯಲ್ಲಿ ಲಾರಿಗೆ ಕಲ್ಲು ತುಂಬುವವರು. ನನ್ನ ಪೆಟ್ಟಿಗೆಯ ವೃತ್ತಾಂತ ಕೇಳಿ ನಕ್ಕರು. “ಫರಸಿ ಯಾರರೆ ಮಲಗಿಸಿ ಒಯ್ತಾರೇನು? ನಿಂದ್ರಸಬೇಕು. ನಡುವ ಜಾಗಾ ಬಿಡಬಾರದು” ಎಂದರು. ಅದರಂತೆ ರೊಟ್ಟಿಗಳನ್ನು ನಿಲ್ಲಿಸಿ, ಅಡಿಗೆ ಮತ್ತು ಬದಿಗೆ ಹಳೆಯ ಪತ್ರಿಕೆಯ ಮೆತ್ತೆ ಕೊಟ್ಟು, ಪೆಟ್ಟಿಗೆಯನ್ನು ಸೊಂಟದೆತ್ತರದಿಂದ ಮೂರು ಸಲ ಕೆಡವಿ ನೋಡಿದೆವು. ಒಡೆದುದು ಎರಡೇ. ಮೂರು ವರ್ಷಗಳ ಅರ್ಥಶಾಸ್ತ್ರ ನನಗೆ ಇದನ್ನು ಕಲಿಸಿರಲಿಲ್ಲ.

ಚಿಕ್ಕ ಪೆಟ್ಟಿಗೆಯಿಂದ ಇನ್ನೊಂದು ಲಾಭವಾಯಿತು. ಅನೇಕ ಕೊರಿಯರ್ ಸಂಸ್ಥೆಗಳು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಅದು ನಿಜವಾದ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. ನನ್ನ ಮೊದಲ ಪೆಟ್ಟಿಗೆ 30, 30, 20. ಒಂದೂವರೆ ಕಿಲೋ ರೊಟ್ಟಿಗೆ 3.6 ಕಿಲೋದ ದರ. 28, 28, 12ರ ಪೆಟ್ಟಿಗೆಗೆ ಅದು 1.9ರ ಸಮೀಪಕ್ಕೆ ಇಳಿಯಿತು. ಗಾಳಿಗೂ ಬಾಡಿಗೆ ಕೊಡಬೇಕಾದ ಕಾಲವಿದು.

ಚೀಟಿಯ ಕೆಲಸ ಬೇರೆ. ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ, ನಿವ್ವಳ ತೂಕ, ತಯಾರಾದ ದಿನ, ಗರಿಷ್ಠ ಬೆಲೆ, ತಯಾರಕರ ವಿಳಾಸ, ದೂರು ಹೇಳಲು ಫೋನು, ಇಷ್ಟೂ ಪ್ಯಾಕೆಟ್ಟಿನ ಮೇಲೆ ಇರಬೇಕು. ಗಿರಾಕಿಯ ಪಿನ್‌ಕೋಡಿನಲ್ಲಿ ಒಂದು ಅಂಕೆ ತಪ್ಪಿದರೂ ರೊಟ್ಟಿ ಬೇರೆ ಊರು ನೋಡಿಕೊಂಡು ಬರುತ್ತದೆ.

ಇಷ್ಟೆಲ್ಲ ಬರೆದು ಬೆಲೆಯ ಪಟ್ಟಿ ಮಾಡಿ ಅವ್ವನಿಗೆ ಓದಿ ಹೇಳಿದೆ. ಜೋಳ, ಕಟ್ಟಿಗೆ, ರೊಟ್ಟಿ ಬಡಿದ ಕೂಲಿ, ಪೆಟ್ಟಿಗೆ, ಕೊರಿಯರು. ಆಕೆ ಸುಮ್ಮನೆ ಕೇಳಿ, “ಇಷ್ಟೊತ್ತು ಕುಂತು ಕಟ್ಟಿದ್ದು ಕೆಲಸ ಅಲ್ಲೇನಪಾ? ಅದು ಎಲ್ಲದ ಇದರಾಗ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ಪೆಟ್ಟಿಗೆ ಆರಿಸಿ, ಎಣಿಸಿ, ಕಟ್ಟಿ, ಚೀಟಿ ಅಂಟಿಸಲು ಮೂವರು ಹೆಂಗಸರಿಗೆ ನಾಲ್ಕು ತಾಸು ಹಿಡಿದಿತ್ತು. ತಾಸಿಗೆ 50 ರೂಪಾಯಿಯೆಂದರೂ 600 ರೂಪಾಯಿ, ಪೆಟ್ಟಿಗೆಯೊಂದಕ್ಕೆ 30.

ಮೊದಲು ಗಿರಾಕಿ ಬರಲಿ, ಆಮೇಲೆ ಆ ಕೂಲಿಯ ಮಾತು ಎನ್ನುವ ಮಿತ್ರರು ನಮ್ಮ ವರ್ಗದಲ್ಲಿಯೇ ಇದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ಪೆಟ್ಟಿಗೆ ಮಾರುವವನು ಗಿರಾಕಿ ಬರುವತನಕ ಕಾಯುತ್ತಾನೆಯೇ? ಕೊರಿಯರಿನವನು ಉದ್ರಿ ಬರೆದುಕೊಳ್ಳುತ್ತಾನೆಯೇ? ಕಾಯಬೇಕಾದವಳು ಮನೆಯ ಹೆಂಗಸೊಬ್ಬಳೇ ಎಂದು ಮೊದಲ ದಿನವೇ ಬರೆದುಬಿಟ್ಟರೆ, ವ್ಯಾಪಾರ ಬೆಳೆದಂತೆ ಆಕೆಯ ಪುಕ್ಕಟೆ ದುಡಿಮೆಯೂ ಬೆಳೆಯುತ್ತದೆ. ಆರಂಭದ ಬೆಲೆಗೆ ಹೊಂದಿಕೊಂಡ ಗಿರಾಕಿಗೆ ಮುಂದೆ ಮೂವತ್ತು ರೂಪಾಯಿ ಏರಿಸುವುದು ಸುಲಭವಲ್ಲ.

ಪಟ್ಟಿಯಲ್ಲಿ ಆ ಸಾಲು ಸೇರಿಸಿದ್ದೇನೆ. ಸಂಘದಲ್ಲಿ ಇಬ್ಬರು, ಇಷ್ಟು ತುಟ್ಟಿಯಾದರೆ ಯಾರು ಕೊಳ್ಳುತ್ತಾರೆಂದು ಇನ್ನೂ ತಕರಾರು ಮಾಡುತ್ತಿದ್ದಾರೆ. ಅವರ ಭಯ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಪರೀಕ್ಷೆ ಮುಗಿದ ವಾರ ಅಂಗಡಿ ತೆರೆಯುವುದೆಂದು ನಿಶ್ಚಯವಾಗಿದೆ. ದಿನಕ್ಕೆ ಇಪ್ಪತ್ತು ಪೆಟ್ಟಿಗೆಗಿಂತ ಹೆಚ್ಚು ಆರ್ಡರು ತೆಗೆದುಕೊಳ್ಳಬಾರದು, ಮಳೆ ಬಂದ ದಿನ ಅದೂ ಬೇಡ. ಇದು ಅವ್ವನ ಕಟ್ಟಪ್ಪಣೆ.