ಹಿಂದೆ ಉಳಿದವನ ಹೆಜ್ಜೆ

ಬೆಟ್ಟ ಹತ್ತುವುದರಲ್ಲಿ ಏನು ಸುಖವಿದೆಯೆಂದು ನನ್ನ ಮನೆಯಾಕೆ ಕೇಳಿದಾಗಲೆಲ್ಲ ನಾನು ಇತಿಹಾಸದ ಆಶ್ರಯ ಪಡೆಯುತ್ತೇನೆ. ಮಾತನ್ನೇ ನಂಬಿ ಬಾಳುವ ಅಧ್ಯಾಪಕನಿಗೆ ಅದೊಂದು ಅನುಕೂಲ. ಆದರೆ ಏಪ್ರಿಲ್ ತಿಂಗಳ ಒಂದು ಭಾನುವಾರ, ಶಿವಗಂಗೆಯ ಮೆಟ್ಟಿಲುಗಳ ಮೇಲೆ, ಆ ಆಶ್ರಯವೂ ನನ್ನ ಕೈಬಿಟ್ಟಿತು.

ಬೆಂಗಳೂರಿನಿಂದ ತುಮಕೂರಿನ ಹಾದಿಯಲ್ಲಿ ದಾಬಸ್‌ಪೇಟೆಯವರೆಗೆ ಸಾಗಿ ಎಡಕ್ಕೆ ಹೊರಳಿದರೆ ಈ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು ೪,೫೦೦ ಅಡಿ ಎತ್ತರ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಎಂದು ಜನ ಹೇಳುತ್ತಾರೆ. ವಿಷ್ಣುವರ್ಧನನ ಪಟ್ಟದರಸಿ ಶಾಂತಲೆ ೧೧೩೧ರಲ್ಲಿ ಇಲ್ಲಿಯೇ ದೇಹ ಬಿಟ್ಟಳೆಂಬುದಕ್ಕೆ ಶ್ರವಣಬೆಳಗೊಳದ ಶಾಸನ ಸಾಕ್ಷಿ. ಹತ್ತೊಂಬತ್ತು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹೊರಟ ಕನ್ನಡದ ಮೇಷ್ಟರಿಗೆ ಇನ್ನೇನು ಬೇಕು?

ಗಂಗಾಧರೇಶ್ವರನ ಸನ್ನಿಧಿಯಲ್ಲಿ ಒಂದು ಗಂಟೆ ವ್ಯಾಖ್ಯಾನ ನಡೆಯಿತು. ಮೇಲಕ್ಕೆ ಹೊರಟಾಗ ಹತ್ತೂವರೆ. ಒಳಕಲ್ಲು ತೀರ್ಥವನ್ನು ದಾಟುವ ಹೊತ್ತಿಗೆ ಬಂಡೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಮುಂದಾಳು ಮುಂದಿರಬೇಕೆಂದು ತಿಳಿದು ನಾನೇ ಮುಂದೆ ನಡೆದೆ. ಆಗಾಗ ನೆರಳಿನಲ್ಲಿ ನಿಲ್ಲುವುದು, ಹಿಂದಿನವರು ಬಂದು ಸೇರಿದೊಡನೆ ಮತ್ತೆ ಹೊರಡುವುದು. ದಣಿಯದವನಿಗೆ ವಿಶ್ರಾಂತಿ, ದಣಿದವನಿಗೆ ನಡಿಗೆ! ಈ ಅನ್ಯಾಯ ಆಗ ನನಗೆ ಹೊಳೆಯಲಿಲ್ಲ.

ಕಬ್ಬಿಣದ ಕಂಬಿ ಹಿಡಿದು ಏರಬೇಕಾದ ಕಡಿದಾದ ಎಡೆಯಲ್ಲಿ ತಲೆಯೆಣಿಸಿದೆ. ಹದಿನೆಂಟು! ಎದೆ ಝಲ್ಲೆಂದಿತು. ಓಡೋಡಿ ಇಳಿದು ನೋಡಿದರೆ, ತರಗತಿಯಲ್ಲಿ ಎಂದೂ ಬಾಯಿ ಬಿಡದ ಹುಡುಗ ಬಂಡೆಗೊರಗಿ ಕುಳಿತಿದ್ದ. ಮುಖ ಬಿಳಿಚಿತ್ತು. ಬೆವರಿನಿಂದ ತೊಯ್ದ ಮೈ ತಣ್ಣಗಿತ್ತು.

“ಮೊದಲೇ ಏಕೆ ಹೇಳಲಿಲ್ಲವಯ್ಯಾ?”

“ಕೂಗಿದೆ ಸಾರ್. ನೀವು ಶಾಂತಲೆಯ ವಿಷಯ ಹೇಳುತ್ತಿದ್ದಿರಿ.”

ಆ ಮಾತು ಬಿಸಿಲಿಗಿಂತ ಹೆಚ್ಚು ಸುಟ್ಟಿತು.

ಸಮೀಪದಲ್ಲೇ ಮಜ್ಜಿಗೆ ಮಾರುತ್ತಿದ್ದ ಅಜ್ಜಿ ನನ್ನ ಅಪ್ಪಣೆಗೆ ಕಾಯಲಿಲ್ಲ. ಅವನನ್ನು ನೆರಳಿಗೆ ತರಿಸಿ ಮಲಗಿಸಿದಳು. ಕಾಲಿನ ಕೆಳಗೆ ಚೀಲವಿಟ್ಟು ಎತ್ತರಿಸಿದಳು. ಕೊರಳಿಗೆ ಒದ್ದೆ ಬಟ್ಟೆ ಹಾಕಿ, ಉಪ್ಪು ಬೆರೆಸಿದ ನೀರುಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದಳು. ಬೆವರು ಮೈಯನ್ನು ತಂಪಾಗಿಸುವುದು ನಿಜ. ಜೊತೆಗೆ ನೀರನ್ನೂ ಉಪ್ಪನ್ನೂ ಹೊರಗೊಯ್ಯುತ್ತದೆ. ನಾನು ಪುಸ್ತಕದಲ್ಲಿ ಓದಿದ್ದುದನ್ನು ಆಕೆ ಕೈಯಲ್ಲಿ ಬಲ್ಲವಳು. ಮೈ ಕೆಂಡವಾಗಿ ಮಾತು ತೊದಲಿದ್ದರೆ ಮಜ್ಜಿಗೆ ಸಾಲುತ್ತಿರಲಿಲ್ಲ, ಪ್ರಾಣಕ್ಕೇ ಸಂಚಕಾರವಾಗುತ್ತಿತ್ತು ಎಂದು ವೈದ್ಯಮಿತ್ರರೊಬ್ಬರು ಆಮೇಲೆ ಹೇಳಿದರು.

ಅರ್ಧ ಗಂಟೆಯಲ್ಲಿ ಹುಡುಗ ಎದ್ದು ಕುಳಿತ. ಹಣ ಕೊಡಲು ಹೋದ ನನಗೆ ಅಜ್ಜಿ ಹೇಳಿದಳು: “ಹಿಂದೆ ಉಳಿದೋನ ಜೊತೆ ನಡೀರಿ ಸ್ವಾಮಿ. ಬೆಟ್ಟ ಎಲ್ಲೂ ಓಡಿಹೋಗಲ್ಲ.”

ಅಂದು ನಾವು ತುದಿ ಕಾಣಲಿಲ್ಲ. ಇಳಿಯುವಾಗ ಆ ಹುಡುಗನೇ ಮುಂದೆ. ಅವನ ಹೆಜ್ಜೆಗೆ ಹತ್ತೊಂಬತ್ತು ಜನರ ಹೆಜ್ಜೆ.

ಮರುವರ್ಷ ಮತ್ತೆ ಹೋದೆವು. ಬೆಳಗಿನ ಆರಕ್ಕೇ ಏರತೊಡಗಿದೆವು. ಪ್ರತಿಯೊಬ್ಬರ ಹೆಗಲಲ್ಲೂ ನೀರು, ಅಜ್ಜಿಯ ಹುಡುಗ ಮುಂದೆ, ನಾನು ಕಟ್ಟಕಡೆಗೆ. ಮೇಲಿನ ನಂದಿಯ ಬಳಿ ಎಲ್ಲರೂ ಒಟ್ಟಿಗೇ ತಲಪಿದೆವು. ಅಲ್ಲಿ ನಾನು ಶಾಂತಲೆಯ ಮಾತೆತ್ತಲಿಲ್ಲ. ಸಂಯಮದಿಂದಲ್ಲ, ವಾಚಕರೇ, ಉಸಿರಿರಲಿಲ್ಲ.